ಯಂತ್ರ ಬಿಸಾಕಿದ್ದನ್ನು ಓದುವ ಊರು

ರಾವಂದೂರು, ಹೊರಡುವ ಮುಂಚೆ

ಫಿನ್ಲೆಂಡಿಗೆ ಹೋಗುತ್ತಿದ್ದೇನೆ ಎಂದು ಹೇಳಿದಾಗ ನಮ್ಮವ್ವ ಸೊಪ್ಪು ಕಟ್ಟುತ್ತಿದ್ದಳು. ಆಗಸ್ಟ್ ತಿಂಗಳಲ್ಲಿ ರಾವಂದೂರು ಹೋಬಳಿಯಲ್ಲಿ ಯಾರ ಜೊತೆ ಏನೇ ಮಾತಾಡಬೇಕಾದರೂ ಸೊಪ್ಪು ಕಟ್ಟುವ ಚಪ್ಪರದಡಿಗೇ ಹೋಗಬೇಕು. ಬೆಳಿಗ್ಗೆ ಹೊಲದಲ್ಲಿ ಮುರಿದು ತಂದ ಹಸಿ ಹೊಗೆಸೊಪ್ಪಿನ ರಾಶಿ ನಡುವೆ ಇರುತ್ತದೆ. ಸುತ್ತ ಹೆಂಗಸರು ಕಾಲು ಚಾಚಿ ಕೂತು ಎಲೆಗಳನ್ನು ಉದ್ದನೆಯ ಕಡ್ಡಿಗೆ ದಾರದಲ್ಲಿ ಕಟ್ಟುತ್ತಾರೆ. ಕಟ್ಟಿದ ಕಡ್ಡಿಗಳು ಬ್ಯಾರನ್ನಿನೊಳಗೆ ಹೋಗುತ್ತವೆ. ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಮನೆ. ಹೊರಗಿನಿಂದ ಸೌದೆ ಉರಿಸಿ ಒಳಗಿನ ಸೊಪ್ಪನ್ನು ಕಾವಿನಲ್ಲಿ ಐದಾರು ದಿನ ಬೇಯಿಸುವ ಜಾಗ.

ಅಲ್ಲಿಗೆ ಯಾಕೆ ಹೋಗುತ್ತಿದ್ದೀಯೆ ಎಂದು ಅವ್ವ ಕೇಳಿದಳು. ನಾನು ನನ್ನ ಕೆಲಸವನ್ನು ಮತ್ತೊಮ್ಮೆ ವಿವರಿಸಿದೆ. ಪಿರಿಯಾಪಟ್ಟಣದಲ್ಲಿ ಕೂತು ತಾಲ್ಲೂಕಿನಲ್ಲಿ ಎಷ್ಟು ಜನಕ್ಕೆ ಜ್ವರ, ಎಷ್ಟು ಜನಕ್ಕೆ ವಾಂತಿಭೇದಿ ಎಂದು ಆಸ್ಪತ್ರೆಗಳಿಂದ ಬರುವ ಪಟ್ಟಿಗಳನ್ನು ಒಟ್ಟು ಮಾಡುವವಳು ನಾನು. ಆ ಪಟ್ಟಿ ನನಗೆ ಮುಟ್ಟುವ ಹೊತ್ತಿಗೆ ರೋಗ ಇನ್ನೆರಡು ಊರು ದಾಟಿರುತ್ತದೆ. ಜನ ಆಸ್ಪತ್ರೆಗೆ ಹೋಗುವ ಮೊದಲೇ ಫೇಸ್‌ಬುಕ್ಕಿನಲ್ಲಿ ಬರೆದುಕೊಂಡಿರುತ್ತಾರೆ. ಅದನ್ನು ಕಂಪ್ಯೂಟರಿನಿಂದ ಓದಿಸಿ, ಎಲ್ಲಿ ಕಾಯಿಲೆ ಏಳುತ್ತಿದೆ ಎಂದು ಮೊದಲೇ ತಿಳಿಯುವುದನ್ನು ಅಲ್ಲಿನವರು ಕಲಿಸುತ್ತಾರೆ. ಮೂರು ವಾರದ ತರಬೇತಿ.

ಅವ್ವ ದಾರ ಬಿಗಿದು ಗಂಟು ಹಾಕಿದಳು. "ಅವರಿವರ ಮನೆ ಸುದ್ದಿ ತಿಳ್ಕಳಕ್ಕೆ ಅಷ್ಟು ದೂರ ಓಗ್ಬೇಕಾ? ಇಲ್ಲಿ ನಾಕು ಕಡ್ಡಿ ಕಟ್ಟು ಬಾ, ಊರೆಲ್ಲಾ ಗೊತ್ತಾಯ್ತದೆ."

ಪಕ್ಕದಲ್ಲಿದ್ದ ಚಿಕ್ಕವ್ವ ನಕ್ಕಳು. "ಓಗ್ಲಿ ಬುಡಕ್ಕ. ಇವಳು ಡಿಗ್ರಿ ಓದಿದ್ದೂ ಈ ಸೊಪ್ಪಿಂದ ತಪ್ಪಿಸ್ಕಳಕ್ಕೇ ಅಲ್ವಾ."

ಅದು ಸುಳ್ಳಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬೆಳಿಗ್ಗೆ ಎರಡು ಸಾಲು ಸೊಪ್ಪು ಮುರಿದು, ಬಾವಿಯ ಹತ್ತಿರ ಕೈ ತಿಕ್ಕಿಕೊಂಡು ಹುಣಸೂರಿನ ಬಸ್ ಹಿಡಿಯುತ್ತಿದ್ದೆ. ಸೊಪ್ಪಿನ ಅಂಟು ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಕಪ್ಪಗೆ ಉಗುರ ಸಂದಿಯಲ್ಲಿ ಕೂರುತ್ತದೆ. ಮೂರು ವರ್ಷ ಕ್ಲಾಸಿನಲ್ಲಿ ಕೈಯನ್ನು ಡೆಸ್ಕಿನ ಕೆಳಗೇ ಇಟ್ಟುಕೊಂಡಿದ್ದೆ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವಾಗಲೂ ಅಭ್ಯಾಸ ಬಿಡಲಿಲ್ಲ. ಈಗ ಕೈ ಬೆಳ್ಳಗಿದೆ. ಪಾಸ್‌ಪೋರ್ಟಿನ ಕಚೇರಿಯಲ್ಲಿ ಬೆರಳಚ್ಚು ಕೊಡುವಾಗ ಮಾತ್ರ ಒಮ್ಮೆ ಉಗುರು ನೋಡಿಕೊಂಡೆ.

ಹೆಲ್ಸಿಂಕಿ

ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತೆರೆಸಿದರು. ಕಾರಣ ಅವ್ವ ಕಟ್ಟಿಕೊಟ್ಟ ರಾಗಿ ಹುರಿಹಿಟ್ಟು. ಕಂದು ಬಣ್ಣದ ಪುಡಿ, ಎರಡು ಸೇರು, ಪ್ಲಾಸ್ಟಿಕ್ ಕವರಿನಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ್ದು. ಇದೇನು ಎಂದು ಅಧಿಕಾರಿ ಕೇಳಿದ. ಹುರಿದ ರಾಗಿ ಎಂದು ಇಂಗ್ಲಿಷಿನಲ್ಲಿ ಹೇಳಲು ಹೋಗಿ ತಡವರಿಸಿದೆ. ನಂಬಿಕೆ ಬರಲಿ ಎಂದು ಒಂದು ಹಿಡಿ ಒಣಹಿಟ್ಟನ್ನೇ ಬಾಯಿಗೆ ಹಾಕಿಕೊಂಡೆ. ಒಣ ಹುರಿಹಿಟ್ಟು ಬಾಯಲ್ಲಿಟ್ಟುಕೊಂಡು ಮಾತಾಡಬಾರದು ಎಂದು ನಮ್ಮೂರಿನ ಕೂಸಿಗೂ ಗೊತ್ತು. ನನಗೆ ಗೊತ್ತಾಗಿದ್ದು ಕೆಮ್ಮು ಬಂದ ಮೇಲೆ. ಅವನ ಮೇಜೆಲ್ಲ ಹಿಟ್ಟು.

ಆತ ಕೋಪಿಸಿಕೊಳ್ಳಲಿಲ್ಲ, ನಗಲೂ ಇಲ್ಲ. ನೀರಿನ ಬಾಟಲಿ ಕೊಟ್ಟು, ಮೇಜು ಒರೆಸಿ, ಕವರನ್ನು ಮೂಗಿಗೆ ಹಿಡಿದು ನೋಡಿದ. ಅವನ ಅಜ್ಜಿಯ ಊರಿನಲ್ಲೂ ಇಂಥದೇ ಹುರಿದ ಹಿಟ್ಟು ಮಾಡುತ್ತಾರಂತೆ, ಮೊಸರಿಗೆ ಕಲಸಿ ತಿನ್ನುತ್ತಾರಂತೆ. ನಮ್ಮಲ್ಲಿ ಮಜ್ಜಿಗೆಗೆ, ಬೆಲ್ಲ ಹಾಕಿ ಎಂದೆ. ಒಳ್ಳೆಯದು ಎಂದು ರಬ್ಬರ್ ಬ್ಯಾಂಡನ್ನು ಅವನೇ ಮತ್ತೆ ಸುತ್ತಿಕೊಟ್ಟ. ಆ ದೇಶದ ಮೇಲೆ ನನಗೆ ಅಭಿಮಾನ ಹುಟ್ಟಿದ್ದು ಅಲ್ಲಿಂದ.

ತಾಂಪೆರೆ, ಮೊದಲ ದಿನಗಳು

ತಾಂಪೆರೆ ಎರಡು ಕೆರೆಗಳ ನಡುವಿನ ಊರು. ಕೆರೆ ಎಂದರೆ ನಮ್ಮೂರ ಕೆರೆಯಲ್ಲ, ಆಚೆ ದಡ ಕಾಣದಷ್ಟು ನೀರು. ಊರಿನ ಜನ ಮಾತು ಕಡಿಮೆ ಆಡುತ್ತಾರೆ. ಬಸ್ ನಿಲ್ದಾಣದಲ್ಲಿ ಐವರು ನಿಂತರೆ ಒಬ್ಬರಿಗೊಬ್ಬರ ನಡುವೆ ಒಂದು ಎಮ್ಮೆ ಹಾಯುವಷ್ಟು ಜಾಗ ಬಿಡುತ್ತಾರೆ. ಮೊದಲ ದಿನ ನಾನು ಹೋಗಿ ಒಬ್ಬ ಹೆಂಗಸಿನ ಪಕ್ಕ ನಿಂತೆ. ಆಕೆ ಒಂದು ಹೆಜ್ಜೆ ಸರಿದರು, ಜಾಗ ಕೊಟ್ಟರೆಂದು ತಿಳಿದು ನಾನೂ ಒಂದು ಹೆಜ್ಜೆ ಸರಿದೆ. ಹೀಗೆ ಇಬ್ಬರೂ ನಿಲ್ದಾಣದ ತುದಿ ಮುಟ್ಟಿದೆವು.

ಮನೆಯೊಳಗೆ ಹೋಗುವಾಗ ಚಪ್ಪಲಿ ಬಿಡುತ್ತಾರೆ. ವಿದೇಶದವರೆಲ್ಲ ಬೂಟು ಹಾಕಿಕೊಂಡೇ ಮಂಚ ಹತ್ತುತ್ತಾರೆ ಎಂದು ನಮ್ಮ ಚಿಕ್ಕಪ್ಪ ಹೇಳಿದ್ದು ಅಲ್ಲಿಗೆ ಮುಗಿಯಿತು. ಇನ್ನೊಂದು ರೂಢಿ ಇದಕ್ಕಿಂತ ಹೆಚ್ಚು ಹಿಡಿಸಿತು. ಎರಡನೇ ದಿನ ಕೆರೆ ದಡದ ಕಾಲುದಾರಿಯಲ್ಲಿ ನನ್ನ ಚೂಡಿದಾರದ ವೇಲು ಗಾಳಿಗೆ ಹಾರಿಹೋಗಿತ್ತು, ಗಮನಿಸಿರಲಿಲ್ಲ. ಸಂಜೆ ಅದೇ ದಾರಿಯಲ್ಲಿ ಬಂದರೆ ಗಿಡದ ಕೊಂಬೆಗೆ, ಸರಿಯಾಗಿ ಕಣ್ಣಿನ ಎತ್ತರಕ್ಕೆ, ಮಡಿಸಿ ಹಾಕಿದ್ದಾರೆ. ಬಿದ್ದ ವಸ್ತು ಕಂಡರೆ ಅಲ್ಲಿನವರು ಮನೆಗೆ ಒಯ್ಯುವುದಿಲ್ಲ, ಕಾಲಲ್ಲಿ ಸರಿಸುವುದೂ ಇಲ್ಲ. ಎತ್ತಿ, ಬಿದ್ದ ಜಾಗದಲ್ಲೇ, ಹುಡುಕಿಕೊಂಡು ಬಂದವರಿಗೆ ಕಾಣುವ ಹಾಗೆ ಇಟ್ಟು ಹೋಗುತ್ತಾರೆ.

ನನಗೆ ಕಲಿಸುವವರು ಇಬ್ಬರು. ಯಾನ್ನೆ ಎಂಬ ಮೂವತ್ತರ ಆಸುಪಾಸಿನ ಗಂಡಸು ಯಂತ್ರ ಬರೆದವನು. ಐಲಾ ಎಂಬುವರು ಅರವತ್ತು ದಾಟಿದ ಹೆಂಗಸು, ಮೊದಲು ಹಳ್ಳಿಗಳಲ್ಲಿ ನರ್ಸ್ ಆಗಿದ್ದವರು. ಯಾನ್ನೆಯ ಯಂತ್ರ ಜನ ಎಲ್ಲರಿಗೂ ಕಾಣುವಂತೆ ಬರೆದದ್ದನ್ನು ಮಾತ್ರ ಓದುತ್ತದೆ. ಬರೆದವರ ಹೆಸರು, ಫೋಟೋ ಎಲ್ಲವನ್ನೂ ಅಳಿಸಿ, ಮಾತನ್ನೂ ಊರಿನ ಸೀಮೆಯನ್ನೂ ಮಾತ್ರ ಇಟ್ಟುಕೊಳ್ಳುತ್ತದೆ. ಕಾಯಿಲೆಯ ಮಾತು ಒಂದು ಕಡೆ ದಟ್ಟವಾದರೆ ನಕ್ಷೆಯ ಮೇಲೆ ಅಲ್ಲಿ ಕೆಂಪಾಗುತ್ತದೆ. ನೋಡಿದ ಮೊದಲ ದಿನ ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ನನಗೆ ಎಂಟು ದಿನ ಹಿಡಿಯುವುದನ್ನು ಅದು ಒಂದು ಗಳಿಗೆಯಲ್ಲಿ ಮಾಡುತ್ತಿತ್ತು.

ಐಲಾ ಅವರ ಕೆಲಸ ಮಾತ್ರ ನನಗೆ ವಿಚಿತ್ರ ಅನ್ನಿಸಿತು. ಯಂತ್ರ ಬೇಡವೆಂದು ತೆಗೆದುಹಾಕಿದ ಸಾಲುಗಳು ಒಂದು ಕಡೆ ಸೇರುತ್ತವೆ. ಅದಕ್ಕೆ ಅವರು ಕಸದ ಬುಟ್ಟಿ ಎನ್ನುತ್ತಾರೆ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಐಲಾ ಕಾಫಿ ಲೋಟ ಹಿಡಿದು ಆ ಕಸವನ್ನು ಸಾಲು ಸಾಲಾಗಿ ಓದುತ್ತಾರೆ. ಒಂದು ಸಾಲು ಅನುಮಾನ ತಂದರೆ ಆ ಸೀಮೆಯ ಯಾವುದಾದರೂ ಶಾಲೆಗೋ ಅಂಗಡಿಗೋ ಫೋನು ಮಾಡಿ, ನಿಮ್ಮ ಕಡೆ ಎಲ್ಲರೂ ಹೇಗಿದ್ದೀರಿ ಎಂದು ಕೇಳುತ್ತಾರೆ. ಇಷ್ಟು ದೊಡ್ಡ ಯಂತ್ರ ಇಟ್ಟುಕೊಂಡು ಇದೇನು ಮುದುಕಿಯ ಹಟ ಎಂದು ಒಳಗೇ ಅಂದುಕೊಂಡೆ.

ಹಟಕ್ಕೆ ಕಾರಣವನ್ನು ಅವರೇ ಹೇಳಿದರು. ಯಂತ್ರ ಹೊಸದಾಗಿದ್ದಾಗ ಒಂದು ವಸಂತದಲ್ಲಿ ದೇಶದ ದಕ್ಷಿಣ ಭಾಗವೆಲ್ಲ ಕೆಂಪಾಯಿತಂತೆ. ಎಲ್ಲರಿಗೂ ಸೀನು, ಕಣ್ಣುರಿ, ನೆಗಡಿ. ದೊಡ್ಡ ಜ್ವರ ಬಂದೇ ಬಿಟ್ಟಿತು ಎಂದು ಕಚೇರಿ ಓಡಾಡಿತು. ನೋಡಿದರೆ ಅಲ್ಲಿನ ಬರ್ಚ್ ಎಂಬ ಮರಗಳು ಹೂ ಬಿಟ್ಟಿದ್ದವು, ಅದರ ಪರಾಗ ಮೂಗಿಗೆ ಹೋಗಿತ್ತು ಅಷ್ಟೇ. ಅಂದಿನಿಂದ ಯಂತ್ರಕ್ಕೆ ಮರಗಳ ಪಂಚಾಂಗ ಕಲಿಸಿದರು. ಹೂವಿನ ವಾರಗಳ ಸೀನು ನೇರ ಕಸದ ಬುಟ್ಟಿಗೆ.

ಕೆಂಪು ಮಚ್ಚೆ

ಗುರುವಾರ ನಮ್ಮ ಕಡೆಯ ಮಾತುಗಳನ್ನು ಯಂತ್ರಕ್ಕೆ ಕೊಟ್ಟೆವು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಊರ ಪುಟಗಳು, ಯುವಕ ಸಂಘದ ಪುಟಗಳು, ಸಂತೆ ಸುದ್ದಿಯ ಪುಟಗಳು, ಮೂರು ವರ್ಷದವು, ದಿನವೂ ಹೊಸದಾಗಿ ಬರುವವು ಕೂಡ. ನಮ್ಮವರು ಕಾಯಿಲೆಯನ್ನು ಹೇಗೆಲ್ಲ ಬರೆಯುತ್ತಾರೆ ಎಂದು ಪಟ್ಟಿ ಮಾಡಿಕೊಟ್ಟವಳು ನಾನೇ. ಯಾನ್ನೆ ಗುಂಡಿ ಒತ್ತಿದ.

ಜುಲೈ ಬರುತ್ತಿದ್ದಂತೆ ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಕಡೆ ಕೆಂಪೋ ಕೆಂಪು. ವಾಂತಿ, ತಲೆಸುತ್ತು, ಅನ್ನ ಸೇರುತ್ತಿಲ್ಲ, ಕಣ್ಣು ಕತ್ತಲೆ. ಸೆಪ್ಟೆಂಬರ್ ಕಳೆದರೆ ಮಾಯ. ಮುಂದಿನ ವರ್ಷ ಮತ್ತೆ ಅದೇ. ಯಾನ್ನೆ ಕುರ್ಚಿಯಿಂದ ಎದ್ದು ನಿಂತ. ಪ್ರತಿವರ್ಷ ಇಷ್ಟು ದೊಡ್ಡ ವಾಂತಿಭೇದಿ ಬರುತ್ತಿದೆ, ನಿಮ್ಮ ಪಟ್ಟಿಗಳಲ್ಲಿ ಯಾಕೆ ಇಲ್ಲ ಎಂದು ಕೇಳಿದ.

ನಾನು ನಕ್ಷೆ ನೋಡುತ್ತಾ ಕೂತೆ. ಕೆ.ಆರ್. ನಗರದ ನಾಲೆ ಬಯಲು, ಮಿರ್ಲೆ, ಭೇರ್ಯದ ಕಡೆ, ಬೆಳ್ಳಗೆ ಇತ್ತು. ಅಲ್ಲಿ ಭತ್ತ. ಕೆಂಪಾದ ಕಡೆಯೆಲ್ಲ ಹೊಗೆಸೊಪ್ಪು. ಯಂತ್ರ ರೋಗದ ನಕ್ಷೆ ಬರೆದಿರಲಿಲ್ಲ, ನಮ್ಮ ಬೆಳೆಯ ನಕ್ಷೆ ಬರೆದಿತ್ತು.

ಮಳೆಯಲ್ಲೋ ಇಬ್ಬನಿಯಲ್ಲೋ ಒದ್ದೆಯಾದ ಸೊಪ್ಪನ್ನು ಮುರಿದು ಕಂಕುಳಿಗೆ ಅವುಚಿಕೊಂಡು ಹೊತ್ತರೆ ಅದರ ರಸ ಚರ್ಮದಿಂದ ಮೈಗೆ ಇಳಿಯುತ್ತದೆ. ಮಧ್ಯಾಹ್ನಕ್ಕೆ ತಲೆ ತಿರುಗಿ ವಾಂತಿಯಾಗುತ್ತದೆ. ನಾವು ಅದಕ್ಕೆ ಸೊಪ್ಪಿನ ನಂಜು ಎನ್ನುತ್ತೇವೆ. ಒಂದು ದಿನ ಮಲಗಿದರೆ ಇಳಿಯುತ್ತದೆ, ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ಇದನ್ನು ಇಬ್ಬರಿಗೂ ಬಿಡಿಸಿ ಹೇಳಿದೆ. ನನ್ನ ಕೈ ಮೇಜಿನ ಮೇಲೆಯೇ ಇತ್ತು. ಸೊಪ್ಪು ಮುರಿದವಳು ಅಲ್ಲದಿದ್ದರೆ ಇದು ಹೊಳೆಯುತ್ತಿರಲಿಲ್ಲ ಎಂದು ಯಾನ್ನೆ ಹೇಳಿದ. ಅವನು ಹೊಗಳುವ ಜಾತಿಯವನಲ್ಲ.

ಆ ಮಧ್ಯಾಹ್ನ ನಾನು ಸೊಪ್ಪಿನ ಪಂಚಾಂಗ ಬರೆದುಕೊಟ್ಟೆ. ಮುರಿಯುವ ತಿಂಗಳುಗಳಲ್ಲಿ, ಸೊಪ್ಪು ಬೆಳೆಯುವ ಹೋಬಳಿಗಳಲ್ಲಿ, ವಾಂತಿ ತಲೆಸುತ್ತು ಎಂದು ಬಂದದ್ದೆಲ್ಲ ಕಸದ ಬುಟ್ಟಿಗೆ. ಗುಂಡಿ ಒತ್ತಿದರೆ ನಕ್ಷೆ ಬೆಳ್ಳಗಾಯಿತು. ಐಲಾ ಏಲಕ್ಕಿ ಹಾಕಿದ ಬನ್ನು ತಂದು ಹಂಚಿದರು. ಏಲಕ್ಕಿ ವಾಸನೆಗೆ ಕಣ್ಣು ತುಂಬಿತು, ಬನ್ನು ಚೆನ್ನಾಗಿತ್ತು ಕೂಡ.

ಶನಿವಾರ, ಸೌನಾ

ಶನಿವಾರ ಬೆಳಿಗ್ಗೆ ಅವ್ವನಿಗೆ ಫೋನು ಮಾಡಿದೆ. ದನಿ ಇಳಿದಿತ್ತು. ಬೆಳಿಗ್ಗೆಯಿಂದ ಎರಡು ಸಲ ವಾಂತಿ ಆಯಿತು, ಸೊಪ್ಪಿನ ನಂಜು, ಏನಿಲ್ಲ ಎಂದಳು. ನಿಂಬೆಹಣ್ಣಿನ ಶರಬತ್ತು ಕುಡಿ, ಮಲಗು ಎಂದೆ. ವರ್ಷಾ ವರ್ಷಾ ನಾನೂ ಅವಳೂ ಆಡುತ್ತಾ ಬಂದ ಮಾತೇ ಅದು.

ಮಧ್ಯಾಹ್ನ ಐಲಾ ಕೆರೆ ದಡದ ತಮ್ಮ ಮರದ ಮನೆಗೆ ಕರೆದುಕೊಂಡು ಹೋದರು. ಸೌನಾ ಅಂದರೆ ಕಾವಿನ ಕೋಣೆ, ಒಳಗೆ ಕೂತು ಬೆವರುವುದು. ಅಲ್ಲಿ ಹೆಂಗಸರು ಹೆಂಗಸರೇ ಇದ್ದಾಗ ಬಟ್ಟೆ ಹಾಕಿಕೊಳ್ಳುವುದಿಲ್ಲ. ನಾನು ನೈಟಿಯ ಮೇಲೆ ಟವೆಲು ಹೊದ್ದು ಬಂದೆ. ಐಲಾ ನನ್ನನ್ನು ಒಮ್ಮೆ ನೋಡಿ, ಬೆಚ್ಚಗಾಗುತ್ತದೆ ಎಂದಷ್ಟೇ ಹೇಳಿದರು.

ಬಾಗಿಲು ತೆರೆದಾಗ ಬಂದ ವಾಸನೆಗೆ ನಾನು ನಿಂತುಬಿಟ್ಟೆ. ಸೌದೆ ಹೊಗೆ, ಕಾದ ಮರ, ಕಾದ ಗೋಡೆ. ಕತ್ತಲೆ. ಗೋಡೆಗೆ ಥರ್ಮಾಮೀಟರು. ನಮ್ಮ ಬ್ಯಾರನ್ನೇ, ಸೊಪ್ಪು ಮಾತ್ರ ಇಲ್ಲ. ನಮ್ಮಪ್ಪನಿಗೆ ಅಕ್ಷರ ಬರುವುದಿಲ್ಲ, ಆದರೆ ಬ್ಯಾರನ್ನಿನ ಥರ್ಮಾಮೀಟರನ್ನು ಅವನಷ್ಟು ಚೆನ್ನಾಗಿ ಓದುವವರು ಊರಲ್ಲಿಲ್ಲ. ಮೊದಲ ದಿನ ಎಂಬತ್ತೈದು, ತೊಂಬತ್ತು, ಸೊಪ್ಪು ಹಳದಿ ತಿರುಗಲಿ ಎಂದು. ಕಡೆಯ ದಿನ ನೂರಾ ಅರವತ್ತು, ದಂಟು ಒಣಗಲಿ ಎಂದು. ಐಲಾ ಅವರ ಗೋಡೆಯಲ್ಲಿ ಎಂಬತ್ತು ಇತ್ತು. ಇಷ್ಟೇನಾ, ಮೊದಲ ದಿನದ ಕಾವೂ ಇಲ್ಲ ಎಂದು ಧೈರ್ಯವಾಗಿ ಎಲ್ಲಕ್ಕಿಂತ ಮೇಲಿನ ಹಲಗೆ ಹತ್ತಿ ಕೂತೆ.

ನಮ್ಮ ಬ್ಯಾರನ್ನಿನದು ಫ್ಯಾರನ್‌ಹೀಟ್. ಅಲ್ಲಿಯದು ಸೆಲ್ಸಿಯಸ್. ಅವರ ಎಂಬತ್ತು ನಮ್ಮ ದಂಟು ಒಣಗಿಸುವ ಕಾವಿಗಿಂತ ಹೆಚ್ಚು. ಐಲಾ ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಹಾಕಿದರು. ಕಿವಿ ಸುಟ್ಟಿತು. ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ನೈಟಿ ಎತ್ತಿಕೊಂಡು ಕೆರೆಗೆ ಓಡಿತು.

ಆಮೇಲೆ ಮೆಟ್ಟಿಲ ಮೇಲೆ ಕೂತು ಕಾಡಿನಿಂದ ಐಲಾ ಬಿಡಿಸಿ ತಂದ ನೇರಳೆ ಬಣ್ಣದ ಹಣ್ಣು ತಿಂದೆವು. ಕಾಡಿನ ಹಣ್ಣನ್ನು ಯಾರು ಬೇಕಾದರೂ ಬಿಡಿಸಿಕೊಳ್ಳಬಹುದು ಎಂಬುದು ಅಲ್ಲಿನ ಪದ್ಧತಿ. ಅವರು ಕೈಗೆ ತೆಳ್ಳನೆಯ ರಬ್ಬರಿನ ಗ್ಲೌಸು ಹಾಕಿಕೊಂಡು ಬಿಡಿಸುತ್ತಾರೆ, ಹಣ್ಣಿನ ಬಣ್ಣ ಕೈಗೆ ಹತ್ತಬಾರದು ಎಂದು. ಅಷ್ಟಕ್ಕೇ ಗ್ಲೌಸು. ನಾನು ನನ್ನ ಉಗುರಿನ ಕಥೆ ಹೇಳಿದೆ, ಅವ್ವನಿಗೆ ಬೆಳಿಗ್ಗೆ ವಾಂತಿಯಾದದ್ದನ್ನೂ ಹೇಳಿದೆ.

ಐಲಾ ಹಣ್ಣಿನ ಬಟ್ಟಲನ್ನು ಪಕ್ಕಕ್ಕಿಟ್ಟರು. ಆಮೇಲೆ, ಬರ್ಚ್ ಮರದ ಸೀನನ್ನು ನಾವು ಬುಟ್ಟಿಗೆ ಹಾಕಿದೆವು, ಅದು ಮರದ ಕೆಲಸ, ನಿನ್ನ ತಾಯಿಯ ವಾಂತಿಯನ್ನೂ ಬುಟ್ಟಿಗೆ ಹಾಕಿದ್ದೇವಲ್ಲ, ಅದು ಕಾಯಿಲೆ ಅಲ್ಲವೇ ಎಂದು ಕೇಳಿದರು.

"ಅಲ್ಲ. ಅದು ಕೆಲಸ" ಎಂದೆ.

ಅವರು ಮತ್ತೆ ಮಾತಾಡಲಿಲ್ಲ. ಆ ದೇಶದಲ್ಲಿ ಸುಮ್ಮನಿರುವುದು ಮಾತು ಮುಗಿದದ್ದರ ಗುರುತಲ್ಲ ಎಂದು ಅಷ್ಟು ಹೊತ್ತಿಗೆ ನನಗೆ ತಿಳಿದಿತ್ತು.

ಸೋಮವಾರ, ಎಂಟೂವರೆ

ಸೋಮವಾರ ಬೆಳಿಗ್ಗೆ ಐಲಾ ಎರಡು ಲೋಟ ಕಾಫಿ ತಂದು ನನ್ನ ಪಕ್ಕ ಕೂತರು. ನಿಮ್ಮ ಕನ್ನಡ ನನಗೆ ಬರುವುದಿಲ್ಲ, ನಿಮ್ಮ ಬುಟ್ಟಿಯನ್ನು ನೀನೇ ಓದಿ ಹೇಳು ಎಂದರು. ಅದು ಬರೀ ಸೊಪ್ಪಿನದು ಎಂದೆ. ಇರಲಿ, ಓದು ಎಂದರು.

ಓದಿದೆ. ಎಚ್.ಡಿ. ಕೋಟೆ ಕಡೆಯವು ಐದಾರು. ಮಳೆಯಲ್ಲಿ ಸೊಪ್ಪು ಮುರಿದು ತಲೆ ತಿರುಗಿದ್ದು. ಹುಣಸೂರಿನವು ಹಾಗೇ. ಆಮೇಲೆ ರಾವಂದೂರು ಹೋಬಳಿಯವು, ಮೂರು ದಿನದಲ್ಲಿ ಹನ್ನೊಂದು ಸಾಲು. ಐಲಾ ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳುತ್ತಾ ಹೋದರು. ಇವರು ಸೊಪ್ಪು ಮುರಿಯುವವರೇ?

ಒಬ್ಬರು ಬರೆದಿದ್ದರು, ಹೊಟ್ಟೆ ಸರಿಯಿಲ್ಲ, ಬ್ಲೌಸುಗಳು ಬುಧವಾರಕ್ಕೆ, ದಯವಿಟ್ಟು ಅಂಗಡಿ ಹತ್ತಿರ ಬರಬೇಡಿ ಎಂದು. ದರ್ಜಿ. ಸೊಪ್ಪು ಮುರಿಯುವವರಲ್ಲ. ಇನ್ನೊಬ್ಬರು, ತಂಡದ ನಾಲ್ಕು ಜನ ವಾಂತಿ ಮಾಡಿಕೊಂಡು ಮಲಗಿದ್ದಾರೆ, ಭಾನುವಾರದ ಕಬಡ್ಡಿ ಪಂದ್ಯ ಇಲ್ಲ. ಹುಡುಗರು ಹೊಲಕ್ಕೆ ಹೋಗಿದ್ದಿರಬಹುದು ಎಂದೆ. ಮೂರನೆಯದು, ಬಾಣಂತಿಗೆ ವಾಂತಿ ನಿಂತಿಲ್ಲ, ಯಾರಾದರೂ ಆಟೋದವರು ಇದ್ದೀರಾ.

ಬಾಣಂತಿ ಯಾವ ಹೊಲಕ್ಕೂ ಹೋಗುವುದಿಲ್ಲ. ನನ್ನ ಕಾಫಿ ಹಾಗೇ ಉಳಿಯಿತು. ನಮ್ಮವ್ವನೂ ಎರಡು ವರ್ಷದಿಂದ ಹೊಲಕ್ಕೆ ಹೋಗುವುದಿಲ್ಲ, ಮಂಡಿನೋವು. ಚಪ್ಪರದಡಿ ಕೂತು ಕಟ್ಟುತ್ತಾಳೆ ಅಷ್ಟೇ. ಶನಿವಾರ ಫೋನಿನಲ್ಲಿ ಅದು ನನಗೆ ಹೊಳೆದಿರಲಿಲ್ಲ.

ಊರಿನಲ್ಲಿ ಆಗ ಹನ್ನೊಂದು ಗಂಟೆ ದಾಟಿತ್ತು. ಫೋನು ಎತ್ತಿದ್ದು ಅಪ್ಪ.

"ಅವ್ವ ಎಲ್ಲಪ್ಪಾ?"

"ಮಲಗವ್ಳೆ. ಏಳಕ್ಕಾಯ್ತಿಲ್ಲ. ಸೊಪ್ಪಿನ ನಂಜು ಕಣವ್ವ, ಇಳೀತದೆ ಬುಡು."

"ಸೊಪ್ಪು ಮುರಿದಿದ್ದು ಯಾವತ್ತು?"

ಅಪ್ಪ ಸ್ವಲ್ಪ ಯೋಚಿಸಿದ. "ಓದ್ ಸೋಮಾರ. ಮೇಗಲ ಎಲೆ ಇನ್ನೂ ಹಣ್ಣಾಗಿಲ್ಲ ಅಂತ ಬುಟ್ಟಿದೀನಿ. ಬ್ಯಾರನ್ ತಣ್ಣಗೈತೆ."

"ಮಳೆ?"

"ಮಳೆ ಎಲ್ ಬಂತು. ಒಂದು ವಾರದಿಂದ ಬಿಸಿಲು."

"ಮತ್ತೆ ಯಾವ ಸೊಪ್ಪಿನ ನಂಜಪ್ಪ ಅದು?"

ಬೆಂಕಿ ಎಷ್ಟು ಡಿಗ್ರಿ ತಪ್ಪಿದರೆ ಸೊಪ್ಪು ಕಪ್ಪಾಗುತ್ತದೆ ಎಂದು ಗೊತ್ತಿರುವ ನಮ್ಮಪ್ಪನಿಗೂ, ಅದೇ ಸೊಪ್ಪಿಗೆ ಪಂಚಾಂಗ ಬರೆದುಕೊಟ್ಟ ನನಗೂ, ಈ ಒಂದು ಪ್ರಶ್ನೆ ಮೂರು ದಿನ ಹೊಳೆದಿರಲಿಲ್ಲ.

ನೀರಿನ ವಿಷಯ ಕೇಳಿದೆ. ನಲ್ಲಿಯದೇ ನೀರು. ಚರಂಡಿ ಕೆಲಸಕ್ಕೆ ಅಗೆದವರು ಪೈಪು ಒಡೆದಿದ್ದರು, ಯಾರೋ ಸೈಕಲ್ ಟ್ಯೂಬು ಸುತ್ತಿ ಬಿಗಿದಿದ್ದಾರೆ, ನೀರು ಬರುತ್ತಿದೆ ಎಂದ ಅಪ್ಪ. ಅವ್ವನನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು, ನಲ್ಲಿ ನೀರು ಯಾರಿಗೂ ಕೊಡಬೇಡ ಎಂದು ಹೇಳಿ ಇಟ್ಟು, ನಮ್ಮೂರಿನ ಆಶಾ ಕಾರ್ಯಕರ್ತೆ ಸಾವಿತ್ರಕ್ಕನಿಗೆ ಮಾಡಿದೆ.

"ನಾನೂ ಸೊಪ್ಪಿಂದೇ ಅನ್ಕಂಡಿದ್ದೆ ಕಣಮ್ಮಿ" ಎಂದರು ಸಾವಿತ್ರಕ್ಕ. "ಕೆಳಗಲ ಬೀದೀಲಿ ಅಂಗೇ ಆಗೈತೆ ಅಂತ ಕೇಳ್ದೆ. ಯಾರೂ ಬಂದು ಹೇಳ್ನಿಲ್ಲ. ಸೊಪ್ಪಿನ ಕಾಲ, ಇದ್ರಲ್ಲಿ ಹೇಳದೇನೈತೆ ಅಂತ."

"ಅಕ್ಕ, ಒಂದ್ ಮನೆ ಬುಡಬೇಡಿ. ಹೊಲಕ್ಕೆ ಹೋಗಿದ್ರಾ ಅಂತ ಒಂದೇ ಮಾತು ಕೇಳಿ."

ಮೂರನೆಯ ಫೋನು ನಮ್ಮ ಕಚೇರಿಗೆ. ಮಿಕ್ಕದ್ದು ನಾನು ಕಂಡಿದ್ದಲ್ಲ, ಫೋನಿನಲ್ಲಿ ಕೇಳಿದ್ದು. ಊಟದ ಹೊತ್ತಿಗೆ ಸಾವಿತ್ರಕ್ಕ ಬೀದಿ ಮುಗಿಸಿದ್ದರು. ಮಲಗಿದವರಲ್ಲಿ ಹೊಲಕ್ಕೆ ಹೋದವರಿಗಿಂತ ಹೋಗದವರೇ ಹೆಚ್ಚು. ಮಧ್ಯಾಹ್ನ ಆರೋಗ್ಯದವರು ಬಂದು ನಲ್ಲಿ ನಿಲ್ಲಿಸಿದರು, ನೀರಿನ ಟ್ಯಾಂಕರು ಬಂತು. ಬಾಣಂತಿಯನ್ನು ಮೈಸೂರಿಗೆ ಕಳಿಸಿದರು. ಅವ್ವನಿಗೆ ಪಿರಿಯಾಪಟ್ಟಣದಲ್ಲಿ ಡ್ರಿಪ್ಪು ಹಾಕಿದರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಾಗುತ್ತಿತ್ತು ಎಂದು ಅಲ್ಲಿನ ಡಾಕ್ಟರು ಅಪ್ಪನಿಗೆ ಹೇಳಿದರಂತೆ. ಅವ್ವನನ್ನು ಚಿಕ್ಕವ್ವನ ಸುಪರ್ದಿಗೆ ಬಿಟ್ಟು ಬಂದ ಅಪ್ಪ ಬ್ಯಾರನ್ನಿಗೆಂದು ಪೇರಿಸಿದ್ದ ಸೌದೆಯನ್ನು ಹೊರಗೆಳೆದು, ಮೂರು ಕಲ್ಲು ಹೂಡಿ, ಮದುವೆಯ ಹಂಡೆ ಇಟ್ಟು, ಇಡೀ ಬೀದಿಗೆ ಕುಡಿಯುವ ನೀರು ಕಾಯಿಸಿದ. ಮೂರು ದಿನ ಆ ಉರಿ ಆರಲಿಲ್ಲ. ಕಾಯಿಸಿದ ನೀರು ಕುಡಿಯಿರಿ ಎಂಬ ಸುದ್ದಿ ಊರಿಗೆ ಹಬ್ಬಿದ್ದು ಫೇಸ್‌ಬುಕ್ಕಿನಿಂದಲ್ಲ, ಚಪ್ಪರದಡಿಯ ಹೆಂಗಸರಿಂದ.

ತಾಂಪೆರೆ, ಉಳಿದ ದಿನಗಳು

ಬಾಣಂತಿಯೂ ಕೂಸೂ ಊರಿಗೆ ಬಂದರು ಎಂಬ ಸುದ್ದಿ ಬರುವವರೆಗೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ತರಬೇತಿ ಬಿಟ್ಟು ಹೊರಡುತ್ತೇನೆ ಎಂದಿದ್ದೆ. ಅವ್ವ ಆಸ್ಪತ್ರೆಯಿಂದಲೇ ಬೈದಳು, ಡ್ರಿಪ್ಪು ನೀನೇನು ಹಿಡ್ಕೊಂಡು ನಿಂತ್ಕಬೇಕಾ ಎಂದು.

ಆ ಕಚೇರಿಯಲ್ಲಿ ನಾನು ತಲೆತಗ್ಗಿಸಿಕೊಂಡು ಕೂತಿದ್ದೆ. ಪಂಚಾಂಗ ನನ್ನದು. ಬೈದಿದ್ದರೆ ಹಗುರಾಗುತ್ತಿತ್ತು. ಯಾರೂ ಬೈಯಲಿಲ್ಲ. ಅಲ್ಲಿ ಗೋಡೆಯ ಮೇಲೆ ಒಂದು ದೊಡ್ಡ ಹಾಳೆ ಇದೆ, ತಾವು ಎಡವಿದ್ದನ್ನೆಲ್ಲ ಬರೆಯಲು. ಬರ್ಚ್ ಮರದ ಸೀನೂ ಅದರಲ್ಲಿದೆ. ಯಾನ್ನೆ ಪೆನ್ನು ತೆಗೆದುಕೊಂಡು ಹೊಗೆಸೊಪ್ಪಿನ ಪಂಚಾಂಗ ಎಂದು ಬರೆದು, ಕೆಳಗೆ ಮೊದಲು ತನ್ನ ಹೆಸರು ಹಾಕಿ, ಪೆನ್ನನ್ನು ನನ್ನ ಕಡೆ ಚಾಚಿದ. ನಾನು ಹೇಳಿದೆ, ಅವನು ಮರುಪ್ರಶ್ನೆ ಕೇಳದೆ ಯಂತ್ರಕ್ಕೆ ತಿಳಿಸಿದ, ಹಾಗಾಗಿ ಅವನದೇ ಮೊದಲಂತೆ. ನಮ್ಮ ಕಡೆ ತಪ್ಪಾದರೆ ಕಡತದಲ್ಲಿ ಹುಡುಕಿದರೂ ಹೆಸರು ಸಿಗುವುದಿಲ್ಲ. ಅವನ ಹೆಸರಿನ ಕೆಳಗೆ ನಾನು ಕನ್ನಡದಲ್ಲಿ ಸಹಿ ಹಾಕಿದೆ. ಆ ಹಾಳೆಯಲ್ಲಿ ಕನ್ನಡದ ಅಕ್ಷರ ಅದೊಂದೇ. ನಾನು ಕಾಲೇಜು ಮುಗಿಸಿದಾಗ ಹಾಕಿದ ಸಹಿಗಿಂತ ಅದರ ಮೇಲೆ ನನಗೆ ಹೆಮ್ಮೆ ಹೆಚ್ಚು, ಯಾಕೆಂದು ಕೇಳಿದರೆ ಹೇಳಲು ಬರುವುದಿಲ್ಲ.

ಪಂಚಾಂಗವನ್ನು ಕಿತ್ತುಹಾಕಲಿಲ್ಲ. ಬುಟ್ಟಿಗೆ ಹೋಗುತ್ತಿದ್ದ ಸಾಲುಗಳಿಗೆ ಬೇರೆ ಮನೆ ಕಟ್ಟಿದೆವು. ಹೊಲಕ್ಕೆ ಹೋದವರೇ, ಮಳೆ ಬಂದಿತ್ತೇ, ಮನೆಯಲ್ಲಿ ಹೋಗದವರಿಗೂ ಆಗಿದೆಯೇ ಎಂಬ ಮೂರು ಪ್ರಶ್ನೆ. ಯಂತ್ರಕ್ಕೆ ಉತ್ತರ ಗೊತ್ತಾಗದಿದ್ದರೆ ಮನುಷ್ಯರು ಫೋನು ಮಾಡಬೇಕು. ಮೂರಕ್ಕೂ ಸೊಪ್ಪಿನದೇ ಉತ್ತರ ಬಂದರೂ ಅದನ್ನು ಎಸೆಯುವಂತಿಲ್ಲ. ನಕ್ಷೆಯಲ್ಲಿ ಅದಕ್ಕೊಂದು ಬಣ್ಣ ಬೇಕು ಎಂದು ಐಲಾ ಹಟ ಹಿಡಿದರು. ಹಸಿರು ಎಂದೆ ನಾನು.

ಹೊರಡುವ ದಿನ ಐಲಾ ಒಂದು ಪೊಟ್ಟಣ ಕೊಟ್ಟರು. ಹಣ್ಣು ಬಿಡಿಸುವ ಗ್ಲೌಸು, ನಾಲ್ಕು ಜೊತೆ. ನಿಮ್ಮ ಹುರಿಹಿಟ್ಟಿಗೆ ಬದಲು ಎಂದರು. ಉಳಿದ ಒಂದು ಸೇರನ್ನು ನಾನು ಮೊದಲೇ ಅವರಿಗೆ ಕೊಟ್ಟಿದ್ದೆ.

ಮತ್ತೆ ಚಪ್ಪರದಡಿ

ಅವ್ವ ಬಡವಾಗಿದ್ದಳು, ಆದರೆ ಕಡ್ಡಿ ಕಟ್ಟುತ್ತಾ ಕೂತಿದ್ದಳು. ಗ್ಲೌಸು ತೋರಿಸಿದೆ. ಹಾಕಿಕೊಂಡು ಕೈ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದ್ನ ಆಕ್ಕಂಡು ಸೊಪ್ಪು ಮುಟ್ಟಿದ್ರೆ ಕೂಲಿಯೋರು ನಗ್ತಾರೆ ಕಣೆ. ಡಾಕ್ಟ್ರಮ್ಮ ಬಂದ್ಲು ಅಂತಾರೆ."

ಚಿಕ್ಕವ್ವ ಒಂದು ಜೊತೆ ಕಿತ್ತುಕೊಂಡು ಹಾಕಿಕೊಂಡಳು, ಸಂಜೆಯವರೆಗೂ ತೆಗೆಯಲಿಲ್ಲ. ಅಲ್ಲಿ ಏನು ಕಲಿತೆ ಎಂದು ಅಪ್ಪ ಕೇಳಿದ. ಥರ್ಮಾಮೀಟರಿನ ಕಥೆ ಹೇಳಿದೆ. ಕಾವು ಯಾವ ಅಳತೆಯದು ಎಂದು ಕೇಳದೆ ಒಳಗೆ ಹೋದೆಯಾ ಎಂದು ಅವನು ನಗದೆಯೇ ಕೇಳಿದ. ಅವನಿಗೆ ಅದು ತಮಾಷೆಯ ವಿಷಯವಲ್ಲ.

ಈಗ ಪಿರಿಯಾಪಟ್ಟಣದಲ್ಲಿ ನನ್ನ ಪಟ್ಟಿಗೆ ಒಂದು ಕಾಲಂ ಹೆಚ್ಚಿದೆ, ಸೊಪ್ಪಿನ ನಂಜು ಎಂದು. ಮೇಲಿನವರು ಕೇಳಿದರು, ಇದು ಯಾವ ರೋಗ, ಯಾವ ನಮೂನೆಯಲ್ಲೂ ಇಲ್ಲವಲ್ಲ ಎಂದು. ಅದಕ್ಕೇ ಸೇರಿಸಿದ್ದು ಎಂದೆ. ಸದ್ಯಕ್ಕೆ ಯಾರೂ ಅಳಿಸಿಲ್ಲ. ದಿನಾ ಬೆಳಿಗ್ಗೆ ಎಂಟೂವರೆಗೆ ನಾನೂ ಬುಟ್ಟಿ ಓದುತ್ತೇನೆ, ಕಾಫಿಯ ಲೋಟ ಚಿಕ್ಕದು ಅಷ್ಟೇ.

ಹೋದ ವಾರ ಮಳೆ ಬಂತು. ಮಾರನೆಯ ದಿನ ಮಧ್ಯಾಹ್ನ ಅವ್ವನ ಫೋನು. ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದಳು.

"ವಾಂತಿ ಆಯ್ತು, ಒಂದೇ ಸಲ. ಕೂಲಿಯೋರು ಬರ್ನಿಲ್ಲ, ಮಂಡಿ ನೋವಿದ್ರೂ ನಾನೇ ನಾಕು ಸಾಲು ಮುರಿದೆ. ಸೊಪ್ಪು ಒದ್ದೆ ಇತ್ತು. ನಿಮ್ಮಪ್ಪಂಗೆ ಏನೂ ಆಗಿಲ್ಲ. ನೀರು ಕಾಯಿಸಿದ್ದೇ ಕುಡ್ದಿವ್ನಿ. ಗ್ಲೌಸು ಆಕ್ಕಂಡಿರ್ನಿಲ್ಲ, ಅದ್ನೂ ಸೇರಿಸ್ಕೊ. ಇದು ಸೊಪ್ಪಿಂದೇ ಕಣವ್ವ. ಬರ್ಕೊ."

ಬರೆದುಕೊಂಡೆ. ನಾಳೆಯಿಂದ ಗ್ಲೌಸು ಹಾಕಿಕೊಳ್ಳುವುದಾಗಿ ಮಾತು ತೆಗೆದುಕೊಂಡೆ. ಫೋನು ಇಟ್ಟ ಮೇಲೆ ಸಾವಿತ್ರಕ್ಕನಿಗೂ ಒಂದು ಫೋನು ಮಾಡಿದೆ, ಕೆಳಗಲ ಬೀದಿಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದು ಕೇಳಲು.